ಮಂಡಿಯೂರಿ ನೋಡಿದ ಮನೆ

ಮೊನ್ನೆ ತೀರಿಕೊಂಡ ಪಾಲಿಶ್ ಮಾವನ ಕೈ ಸೋಕಿ ಮಿಂಚದ ಮೇಜು ಕುರ್ಚಿ ನಮ್ಮ ಬೀದಿಯಲ್ಲಿ ಕಡಿಮೆ. ಮನೆಯ ಹಿಂದಿನ ಕೋಣೆಯೇ ಅವನ ಕಾರ್ಖಾನೆ. ಥಿನ್ನರ್, ಸ್ಪಿರಿಟ್, ಟರ್ಪೆಂಟೈನ್ ಎಲ್ಲವನ್ನೂ ಕುಡಿಯುವ ನೀರಿನ ಹಳೆಯ ಬಾಟಲಿಗಳಲ್ಲಿ ತುಂಬಿ ಗೋಡೆಗೆ ಸಾಲಾಗಿ ನಿಲ್ಲಿಸುತ್ತಿದ್ದ. ಚೀಟಿಯಾದರೂ ಅಂಟಿಸು ಎಂದರೆ ನಗುತ್ತಿದ್ದ.

"ಮೂಗು ಇರೋದು ಯಾಕೆ? ಮುಚ್ಚಳ ತೆಗೆದ್ರೆ ಸಾಕು, ಯಾವುದು ಅಂತ ಗೊತ್ತಾಗುತ್ತೆ."

"ಒಲೆ ಮೇಲೆ ಹಾಲು ಸೀದ್ರೆ ಮಾತ್ರ ಆ ಮೂಗಿಗೆ ಗೊತ್ತಾಗಲ್ಲ," ಎಂದು ಹೆಂಡತಿ ಚುಚ್ಚುತ್ತಿದ್ದಳು.

ಮಗಳಿಗೆ ಕೆಲಸ ಸಿಕ್ಕಿ, ಹಗಲು ಹೊತ್ತು ಮೊಮ್ಮಗಳನ್ನು ಇಲ್ಲೇ ಬಿಡುವುದೆಂದಾದಾಗ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಆಗಷ್ಟೇ ತೊದಲಲು ಕಲಿತಿದ್ದ ಪೋರಿ ತಾತನ ಬಾಲವೇ ಆಗಿಬಿಟ್ಟಳು. ಅವನು ಕುರ್ಚಿ ಕಾಲು ತಿಕ್ಕಿದರೆ, ಬಟ್ಟೆಯ ಚೂರು ಹಿಡಿದು ಅವಳೂ ತಿಕ್ಕುವಳು.

ಒಂದು ಮಧ್ಯಾಹ್ನ ಗಿರಾಕಿಯೊಬ್ಬ ಬಾಗಿಲಲ್ಲಿ ಕೂಗಿದ. ಮಾವ ಎದ್ದುಹೋಗಿ ಮಾತಿಗೆ ನಿಂತ. ಒಳಗಿನಿಂದ ಕೆಮ್ಮು ಕೇಳಿಸಿತು. ಓಡಿ ಬಂದರೆ ಟರ್ಪೆಂಟೈನ್ ಬಾಟಲಿ ಮಗುವಿನ ಮಡಿಲಲ್ಲಿತ್ತು, ಅಂಗಿಯೆಲ್ಲ ಒದ್ದೆ. ಬಾಯಾರಿದ ಮಗುವಿಗೆ ನೀರಿನ ಬಾಟಲಿಯಲ್ಲಿ ಇರುವುದೆಲ್ಲ ನೀರೇ. ಹೆಂಡತಿ ಉಪ್ಪುನೀರು ಕದಡಿ ತಂದಳು. ವಾಂತಿ ಮಾಡಿಸಲೆಂದು ಅವನು ಮಗುವಿನ ಬಾಯಿಗೆ ಬೆರಳು ಹಾಕುವಷ್ಟರಲ್ಲಿ ಪಕ್ಕದ ಮನೆಯ ನರ್ಸಮ್ಮ ಬಂದು ಕೈ ಹಿಡಿದೆಳೆದಳು.

"ಬೇಡ ಮಾವ! ವಾಂತಿಯಾದ್ರೆ ಶ್ವಾಸಕೋಶಕ್ಕೆ ಹೋಗುತ್ತೆ. ಏನೂ ಕುಡಿಸ್ಬೇಡಿ. ಒದ್ದೆ ಅಂಗಿ ತೆಗೀರಿ, ಆ ಬಾಟಲಿ ತಗೊಳ್ಳಿ, ನಡೀರಿ ಆಸ್ಪತ್ರೆಗೆ."

ಮಗು ಕೆಲವು ದಿನ ಆಕ್ಸಿಜನ್ ನಳಿಕೆ ಹಾಕಿಕೊಂಡು ಮಲಗಿತ್ತು. ಉಳಿಯಿತು. ಮಗಳು ಬೈಯಲಿಲ್ಲ, ಅಳಲೂ ಇಲ್ಲ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಇಷ್ಟೇ ಹೇಳಿದಳು:

"ಅಪ್ಪಾ, ಇನ್ಮೇಲೆ ಇವಳನ್ನ ಆ ಮನೆಗೆ ಕಳಿಸಲ್ಲ."

ಮಾವ ಬಾಟಲಿಗಳನ್ನೆಲ್ಲ ತೆಗೆಸಿದ. ಥಿನ್ನರ್, ಸ್ಪಿರಿಟ್ ಎಲ್ಲವನ್ನೂ ಅಂಗಡಿಯಿಂದ ಬಂದ ಡಬ್ಬಿಗಳಲ್ಲೇ ಉಳಿಸಿ, ಎತ್ತರದ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಮಗಳನ್ನು ಕರೆಸಿ ತೋರಿಸಿದ. ಅವಳು ಬೀಗ ನೋಡಿದಳು, ಸಾಲದೆಂದು ತಲೆಯಾಡಿಸಿದಳು.

"ನೀನು ನಿಂತ್ಕೊಂಡು ನೋಡ್ತಿದ್ದೀಯಪ್ಪ. ಅವಳು ನಿನ್ನಷ್ಟು ಎತ್ತರ ಇಲ್ಲ."

ಅವಳು ಹೋದ ಮೇಲೆ ಅವನು ಮಂಡಿಯೂರಿದ. ಜೀವಮಾನವೆಲ್ಲ ನೆಲದಲ್ಲೇ ಕೂತು ದುಡಿದವನು; ಆದರೆ ಕಣ್ಣು ಮರದ ಮೇಲಷ್ಟೇ ಇರುತ್ತಿತ್ತು. ಕೋಣೆಯಿಂದ ಕೋಣೆಗೆ ತೆವಳಿದ. ಬಚ್ಚಲ ಬಕೆಟ್ಟಿನ ಹಿಂದೆ ಆಸಿಡ್. ಅಕ್ಕಿ ಡಬ್ಬದ ಸಂದಿಯಲ್ಲಿ ಇಲಿ ಪಾಷಾಣ.

"ಏನ್ರೀ, ಅಂಬೆಗಾಲಿಡೋ ವಯಸ್ಸಾ ಇದು?"

"ನಗಬೇಡ, ನೀನೂ ಬಗ್ಗಿ ನೋಡು."

ನಗುತ್ತಲೇ ಬಗ್ಗಿದ ಹೆಂಡತಿ ಮಂಚದ ಅಂಚಿನಲ್ಲಿ ನೇತಾಡುತ್ತಿದ್ದ ತನ್ನದೇ ಚೀಲದಿಂದ ಬಿಪಿ ಮಾತ್ರೆ ಹೊರತೆಗೆದಳು. ಗುಲಾಬಿ ಬಣ್ಣ, ಥೇಟ್ ಮಿಠಾಯಿ. ಅವಳ ನಗು ಅಲ್ಲಿಗೇ ನಿಂತಿತು. ಸಿಕ್ಕಿದ್ದೆಲ್ಲ ಬೀಗದ ಕಪಾಟು ಸೇರಿತು.

ಮುಂದಿನ ಭಾನುವಾರ ಮಗಳು ಒಬ್ಬಳೇ ಬಂದಳು. ಕಾಫಿಗೂ ಕೂರದೆ, ಸೆರಗು ಸಿಕ್ಕಿಸಿಕೊಂಡು ನೆಲಕ್ಕಿಳಿದಳು. ಮಾವ ಗೋಡೆಗೊರಗಿ ನಿಂತಿದ್ದ. ಅವಳು ಕೊನೆಯ ಕೋಣೆಯಲ್ಲಿ, ನೆಲದ ಹತ್ತಿರದ ಪ್ಲಗ್ಗಿನಿಂದ ಸೊಳ್ಳೆ ಔಷಧಿಯ ಪುಟ್ಟ ಸೀಸೆ ಕಿತ್ತು, ಎದ್ದು ಬಂದು, ಅವನ ಕೈಗಿಟ್ಟಳು.

"ಇದನ್ನೂ ಕಪಾಟಿಗೆ ಹಾಕು. ನಾಳೆ ಬೆಳಿಗ್ಗೆ ಕರ್ಕೊಂಡು ಬರ್ತೀನಿ."

ಶಾಲೆಗೆ ಸೇರುವವರೆಗೂ ಮೊಮ್ಮಗಳು ಆ ಮನೆಯಲ್ಲೇ ಬೆಳೆದಳು.