ಅಕ್ಕನ ಸವತಿ ಕುಂಟಿದ್ದು

ನಮ್ಮ ಭಾವನಿಗೆ ಮದುವೆಯಾದ ತಾರೀಖು ನೆನಪಿಲ್ಲ. ಮಗಳು ಹುಟ್ಟಿದ ವರ್ಷ ಕೇಳಿದರೆ ಬೆರಳು ಮಡಚಿ ಮಡಚಿ, ಕೊನೆಗೆ ಅಕ್ಕನ ಮುಖ ನೋಡುತ್ತಾರೆ. ಆದರೆ ತಾವು ಕೆಲಸಕ್ಕಿರುವ ಲಾಯದ ಮೂರನೇ ಕೋಣೆಯ ಕಂದು ಕುದುರೆಯ ಅಮ್ಮ, ಅಜ್ಜಿ, ಮುತ್ತಜ್ಜಿ ಯಾವ್ಯಾವ ಪ್ರದರ್ಶನದಲ್ಲಿ ಎಷ್ಟೆತ್ತರ ಹಾರಿದರು ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ.

ಅವಳು ವಾರ್ಮ್‌ಬ್ಲಡ್ ತಳಿಯವಳು. ರೇಸಿಗೆ ಓಡುವ ಕುದುರೆಯಲ್ಲ, ಗಾಡಿ ಎಳೆಯುವುದೂ ಅಲ್ಲ. ಬೇಲಿ ಹಾರಲಿಕ್ಕೂ ಅಳೆದಿಟ್ಟ ಹಾಗೆ ಹೆಜ್ಜೆ ಹಾಕಲಿಕ್ಕೂ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ಜಾತಿ. ಕಾಗದದಲ್ಲಿ ಅವಳಿಗೆ ಮಾರುದ್ದದ ಹೆಸರಿದೆ. ನಮ್ಮ ಮನೆಯಲ್ಲಿ ಅವಳ ಹೆಸರು ಸವತಿ. ಇಟ್ಟವಳು ಅಕ್ಕ. ಹುಟ್ಟಿದ ದಿನದಿಂದ ಹದಿನಾಲ್ಕು ವರ್ಷ ಅವಳ ಚಾಕರಿ ಮಾಡಿದ ಗಂಡನಿಗೆ ಅಷ್ಟಾದರೂ ಅನ್ನಬೇಡವೆ?

ಮಗಳನ್ನು ಕೇಳಿಕೊಂಡು ಹುಡುಗನ ಮನೆಯವರು ಬಂದಾಗ ಭಾವ ಮೊದಲು ಎಲ್ಲರಿಗೂ ಕಾಫಿ ಹಂಚಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಹುಡುಗನ ತಾಯಿ ಕಡೆಯವರ ಕಾಲು ಹೇಗೆ?" ಮದುವೆಯೇನೋ ಆಯಿತು. ಆದರೆ ಬೀಗರು ಇವತ್ತಿಗೂ ನಮ್ಮಲ್ಲಿಗೆ ಬಂದರೆ ಕಾಲು ಮಡಚಿಕೊಂಡೇ ಕೂರುತ್ತಾರೆ.

ನಾನು ಆ ಲಾಯಕ್ಕೆ ಲಾಳ ಹೊಡೆಯುವವನು. ಹಾಗಾಗಿ ಸವತಿಯ ಚರಿತ್ರೆ ನನಗೂ ಬಾಯಿಪಾಠ. ಮೂರನೇ ವರ್ಷಕ್ಕೆ ಎಳೆ ಹೆಣ್ಣುಕುದುರೆಗಳಲ್ಲಿ ಮೊದಲ ಬಹುಮಾನ. ಆರಕ್ಕೆ ಎದೆಯೆತ್ತರದ ಹನ್ನೆರಡು ಬೇಲಿಗಳನ್ನು ಒಂದು ಕೋಲೂ ಬೀಳಿಸದೆ ಹಾರಿದ್ದು. ಎಂಟರಿಂದ ಬಾಣಂತನ. ನಾಲ್ಕು ಮರಿ, ಅದರಲ್ಲಿ ಎರಡು ಬಹುಮಾನ ತಂದವು.

ಕಳೆದ ವರ್ಷ ತಳಿ ಸಂಘದವರ ಪರೀಕ್ಷೆ ಬಂತು. ವಂಶ, ಸಾಧನೆ, ಮರಿಗಳು ಎಲ್ಲ ಸರಿಯಿದ್ದರೆ ಉತ್ತಮ ತಾಯಿಕುದುರೆ ಎಂಬ ಬಿರುದು. ಆದರೆ ಆ ದಿನ ತೀರ್ಪುಗಾರರ ಮುಂದೆ ಅವಳು, ಹಗ್ಗ ಹಿಡಿದು ಪಕ್ಕದಲ್ಲಿ ಓಡುವವನ ಜೊತೆ, ನಡಿಗೆಗೂ ಓಟಕ್ಕೂ ನಡುವಿನ ಕುಕ್ಕುಲೋಟದಲ್ಲಿ ಸೊಗಸಾಗಿ ಓಡಿ ತೋರಿಸಬೇಕು. ಕುಂಟಿದರೆ ಅಲ್ಲಿಗೆ ಮುಗಿಯಿತು. ಲಾಯದ ಯಜಮಾನಿ ಎಪ್ಪತ್ತು ದಾಟಿದ, ಮಿತಭಾಷಿ ಹೆಂಗಸು. ಬಿರುದು ಬಂದರೆ ಕುದುರೆ ಕೊನೆಯವರೆಗೆ ಇಲ್ಲೇ ಇರಲಿ, ಬಾರದಿದ್ದರೆ ಚಳಿಗಾಲದೊಳಗೆ ಮಾರಿಬಿಡೋಣ ಎಂದರು. ಅವತ್ತು ರಾತ್ರಿ ಭಾವ ಮನೆಗೆ ಬರದೆ ಲಾಯದಲ್ಲೇ ಮಲಗಿದರು.

ಪರೀಕ್ಷೆಗೆ ಎರಡು ವಾರ ಇರುವಾಗ ಸವತಿ ಕುಂಟತೊಡಗಿದಳು. ಡಾಕ್ಟರು ಬಂದರು. ಕಾಲು ಒತ್ತಿದರು, ಗೊರಸು ತಟ್ಟಿದರು, ಏನೂ ಸಿಗಲಿಲ್ಲ. ಭಾವ ಹಗ್ಗ ಹಿಡಿದು ಪಕ್ಕದಲ್ಲಿ ಓಡಿದರೆ ಮತ್ತೆ ಕುಂಟು. ಬೇರೆಯವರು ಹಿಡಿದರೆ ಅವಳು ನೆಟ್ಟ ಕಂಬ, ಅಲುಗುವುದಿಲ್ಲ. ಡಾಕ್ಟರು ಕನ್ನಡಕ ಒರೆಸುತ್ತ, ಲಾಳವನ್ನೊಮ್ಮೆ ನೋಡಿಸಿ ಎಂದರು. ಇಪ್ಪತ್ತು ವರ್ಷದಲ್ಲಿ ನನ್ನ ಮೊಳೆ ಒಂದು ಕುದುರೆಗೂ ಚುಚ್ಚಿಲ್ಲ. ಕೈಯಲ್ಲಿದ್ದ ಸುತ್ತಿಗೆ ಎಲ್ಲಿ ಬಿತ್ತೋ ನಾನು ನೋಡಲಿಲ್ಲ. ಡಾಕ್ಟರ ಕಾಲಿಗೆ ಒಂದು ಗೇಣು ಆಚೆ ಬಿತ್ತು ಎಂದು ಆಮೇಲೆ ಹೇಳಿದರು. ಆದರೂ ಲಾಳ ಕಿತ್ತು ಹೊಸದು ಹೊಡೆದೆ. ಕುಂಟು ಹೋಗಲಿಲ್ಲ. ಮತ್ತೆ ಕಿತ್ತೆ, ಮತ್ತೆ ಹೊಡೆದೆ.

ಪರೀಕ್ಷೆಗೆ ನಾಲ್ಕು ದಿನ ಇದ್ದಾಗ ಅಕ್ಕ ಊಟದ ಡಬ್ಬಿ ತಂದು ಬೇಲಿಗೆ ಒರಗಿ ನಿಂತಳು. ಭಾವ ಸವತಿಯನ್ನು ಓಡಿಸುತ್ತಿದ್ದರು. ನಾನೂ ಡಾಕ್ಟರೂ ಬಗ್ಗಿ ಅವಳ ನಾಲ್ಕು ಕಾಲನ್ನೇ ನೋಡುತ್ತಿದ್ದೆವು.

"ಅವಳು ಕುಂಟ್ತಾ ಇಲ್ಲ ಕಣೋ," ಎಂದಳು ಅಕ್ಕ. "ನಿಮ್ಮ ಭಾವ ಕುಂಟ್ತಾ ಇದಾರೆ. ಅವಳು ಜೊತೆ ಕೊಡ್ತಾ ಇದಾಳೆ ಅಷ್ಟೆ."

ನೋಡಿದರೆ ಹೌದು! ಭಾವನ ಬಲ ಮೊಣಕಾಲು ಊದಿಕೊಂಡು ಕುಂಬಳಕಾಯಿ ಆಗಿತ್ತು. ಕೆಲಸದಿಂದ ಬಿಡಿಸಿಬಿಡುತ್ತಾರೆ ಎಂಬ ಹೆದರಿಕೆಗೆ ಮುಚ್ಚಿಟ್ಟಿದ್ದರು. ಎರಡು ಕಾಲಿನವನನ್ನು ಬಿಟ್ಟು ನಾಲ್ಕು ಕಾಲಿನವಳನ್ನು ಹತ್ತು ದಿನ ತಪಾಸಣೆ ಮಾಡಿದ ನಮ್ಮ ಬುದ್ಧಿಗೆ ಏನೆನ್ನಬೇಕು? ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಭಾವ ತಲೆ ತಗ್ಗಿಸಿ ಕೇಳಿಸಿಕೊಂಡು, "ಯಜಮಾನಿಗೆ ಹೇಳ್ಬೇಡಯ್ಯ. ನೀನೇ ಓಡಿಬಿಡು," ಎಂದರು.

ನಾನು! ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹೊಟ್ಟೆ ನನ್ನದು. ನಾಲ್ಕು ದಿನ ಅವಳನ್ನು ಎಳೆದೆ, ಬೇಡಿಕೊಂಡೆ, ಬೈದೆ. ಅವಳು ಕಂಬ.

ಪರೀಕ್ಷೆಯ ದಿನವೂ ಅದೇ. ಮೈದಾನದ ನಡುವೆ ಸವತಿ ನಿಂತುಬಿಟ್ಟು, ಕುತ್ತಿಗೆ ತಿರುಗಿಸಿ ಬೇಲಿಯ ಆಚೆ ನಿಂತ ಭಾವನನ್ನೇ ನೋಡಿದಳು. ತೀರ್ಪುಗಾರರು ಪೆನ್ನಿನ ಮುಚ್ಚಳ ಹಾಕತೊಡಗಿದರು. ಆಗ ಭಾವ ದಿನಾ ಬೆಳಿಗ್ಗೆ ಅವಳ ಮೈ ಉಜ್ಜುವಾಗ ಹೇಳುವ ಪಾಠವನ್ನೇ ಗಟ್ಟಿಯಾಗಿ ಶುರುಮಾಡಿದರು.

"ಅಮ್ಮ ಯಾರು? ಮೂರು ಸಲ ಗೆದ್ದೋಳು. ಅಜ್ಜಿ ಯಾರು? ಆಳೆತ್ತರದ ಗೋಡೆ ಹಾರಿದೋಳು. ಮುತ್ತಜ್ಜಿ ಯಾರು?"

ಸವತಿಯ ಕಿವಿ ನೆಟ್ಟಗಾಯಿತು. ಒಮ್ಮೆಲೇ ಹೊರಟಳು. ಹಗ್ಗದ ತುದಿಯಲ್ಲಿ ನಾನು. ಅವಳು ಓಡಿದಳೋ ನನ್ನನ್ನು ಹೊತ್ತೊಯ್ದಳೋ ದೇವರಿಗೇ ಗೊತ್ತು. ಒಬ್ಬ ತೀರ್ಪುಗಾರರು ಭಾವನನ್ನು ಸುಮ್ಮನಿರಿಸಲು ಕೈ ಎತ್ತಿದರು. ಇನ್ನೊಬ್ಬರು ತಡೆದು, ವಂಶದ ಕಾಗದದ ಮೇಲೆ ಬೆರಳಿಟ್ಟು ಭಾವನ ಮಾತಿಗೆ ಸರಿಯಾಗಿ ಸಾಲು ಸಾಲೇ ಹೋಲಿಸಿಕೊಂಡು ಹೋದರು. ಒಂದೂ ತಪ್ಪಿರಲಿಲ್ಲ.

ಬಿರುದು ಬಂತು. ಯಜಮಾನಿ ಭಾವನ ಹತ್ತಿರ ಬಂದು, ನೀನೇಕೆ ಓಡಲಿಲ್ಲ ಎಂದು ಕೇಳಿದರು. ಭಾವ ಪ್ಯಾಂಟಿನ ಕಾಲು ಮೇಲಕ್ಕೆತ್ತಿ ತೋರಿಸಿದರು. ಅವರು ಕುದುರೆಯ ಕಾಲು ನೋಡುವ ಹಾಗೆ ಬಗ್ಗಿ ಆ ಮೊಣಕಾಲನ್ನು ಒತ್ತಿ ನೋಡಿದರು.

"ಅವಳೂ ಇನ್ನು ಓಡಬೇಕಾಗಿಲ್ಲ," ಎಂದರು. "ಇಬ್ಬರೂ ಇಲ್ಲೇ ನಿಂತ್ಕೊಂಡಿರಿ. ಮೊದಲು ಆ ಕಾಲು ತೋರಿಸಿ ಬಾ."

ಭಾವ ಈಗ ಆಪರೇಷನ್ ಮಾಡಿಸಿಕೊಂಡು ನೆಟ್ಟಗೆ ನಡೆಯುತ್ತಾರೆ, ಸವತಿಯೂ. ಬಿರುದಿನ ಫಲಕ ಲಾಯದ ಬಾಗಿಲ ಮೇಲಿದೆ. ತೀರ್ಪುಗಾರರ ಷರಾ ಬರೆದ ಕಾಗದದ ಒಂದು ಪ್ರತಿಯನ್ನು ಅಕ್ಕ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾಳೆ. ಕುಕ್ಕುಲೋಟಕ್ಕೆ ಹತ್ತಕ್ಕೆ ಎಂಟೂವರೆ ಕೊಟ್ಟು, ಕೆಳಗೆ ಬರೆದಿದ್ದಾರೆ: ಹೆಜ್ಜೆ ಭವ್ಯ, ಆದರೆ ತುಸು ಸಿಟ್ಟು ಕಾಣುತ್ತದೆ. ನಾನು ಹೋದಾಗಲೆಲ್ಲ, ಸಿಟ್ಟಿನ ಮಾತು ನಿನಗೇ ಬರೆದದ್ದು ಕಣೋ ಎಂದು ಅದನ್ನು ಗಟ್ಟಿಯಾಗಿ ಓದದೆ ಅಕ್ಕ ಕಾಫಿ ಕೊಡುವುದಿಲ್ಲ.