ಪಾತಾಳದ ದೊರೆ ಒಬ್ಬಂಟಿಯಲ್ಲ

"ಇವ್ನೊಬ್ನೇ ಯಾಕವ್ವ ಕೂತವ್ನೆ? ಹೆಂಡ್ತಿ ಇಲ್ವಾ?"

ಕಬ್ಬಾಳಿಗೆ ಹೋಗುವ ಬಸ್ಸಿನಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಪಕ್ಕದ ಸೀಟಿನ ಅಜ್ಜಿ ನನ್ನ ಟ್ಯಾಬಿನತ್ತ ಬೆರಳು ತೋರಿಸಿದರು. ನಾನು ಬಿಡಿಸುತ್ತಿದ್ದುದು ಮೆಕ್ಸಿಕೋದ ಪುರಾತನ ಅಜ್ಟೆಕ್ ಜನರ ಪಾತಾಳದ ದೇವರನ್ನು. ತಲೆಬುರುಡೆಯ ಮುಖ, ಸುತ್ತಲೂ ನಿಯಾನ್ ನೀಲಿ. ನೋಡಿದವರೆಲ್ಲ ಹೆದರುತ್ತಿದ್ದರು, ಅಜ್ಜಿ ಹೆದರಲಿಲ್ಲ.

"ಸತ್ತವರನ್ನೆಲ್ಲ ನೋಡಿಕೊಳ್ಳುವ ದೊರೆ ಅಜ್ಜಿ," ಎಂದೆ.

"ಅಷ್ಟು ಜನಾನ ಒಬ್ನೇ ಹೆಂಗ್ ಸುದಾರಿಸ್ತಾನೆ?"

ಅಜ್ಟೆಕ್ ಕಥೆಯಲ್ಲಿ ಅವನಿಗೆ ನಿಜಕ್ಕೂ ಹೆಂಡತಿಯಿದ್ದಾಳೆ, ಇಬ್ಬರೂ ಸೇರಿಯೇ ಆ ಲೋಕ ಆಳುತ್ತಾರೆ! ಜಾಗ ಸಾಲದೆಂದು ಅವಳನ್ನು ಕೈಬಿಟ್ಟವಳು ನಾನೇ. ಅಜ್ಜಿ ಇಳಿಯುವಷ್ಟರಲ್ಲಿ ದೊರೆಯನ್ನು ಒಸಿ ಪಕ್ಕಕ್ಕೆ ಸರಿಸಿ ರಾಣಿಯನ್ನು ಕೂರಿಸಿದ್ದೆ.

ಚಿತ್ರ ಈಗ ಮುಗಿದಿದೆ. ಪಾತಾಳದ ರಾಣಿ ಬಾಯ್ತುಂಬ ನಗುತ್ತಾಳೆ, ಅವಳ ಹಲ್ಲಿಗೆ ಎಲೆಅಡಿಕೆಯ ಕೆಂಪು.