ಮಾವನ ಸೀಟಿನ ಕೆಳಗೆ

ನಮ್ಮ ಮಾವ ಸಣ್ಣೇಗೌಡರು ಬ್ಯಾಟರಿಯ ಮೇಲೆ ಕೂರುತ್ತಿದ್ದರು. ಇದು ಮಾತಿಗೆ ಹೇಳಿದ್ದಲ್ಲ. ನಮ್ಮ ಹಳೆಯ ಜೀಪಿಗೆ ಹಿಂದಿನ ಮಾಲೀಕ ಯಾವುದೋ ದೊಡ್ಡ ಡೀಸೆಲ್ ಇಂಜಿನ್ನು ಕೂರಿಸಿ, ಬಾನೆಟ್ಟಿನೊಳಗೆ ಜಾಗ ಸಾಲದೆ ಬ್ಯಾಟರಿಯನ್ನು ಎಡಗಡೆ ಸೀಟಿನ ಕೆಳಗೆ ತುರುಕಿದ್ದ. ಆ ಸೀಟು ಮಾವನದು. ಓಡಿಸುವವಳು ನಾನು. ನನ್ನ ಗಂಡನಿಗೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿಗೆ ಬೆಂಕಿ ಹಾಕುವುದೊಂದಿದ್ದರೆ ಸಾಕು, ಸ್ಟಿಯರಿಂಗ್ ಹಿಡಿಯುವುದೆಂದರೆ ಆಗದು. ಹಾಗಾಗಿ ನಮ್ಮೂರು ಕಟ್ಟೆಮಳಲವಾಡಿಯಿಂದ ಹೊರಟರೆ ಬಲಗಡೆ ನಾನು, ಎಡಗಡೆ ಮಾವ, ಮಾವನ ಕೆಳಗೆ ಬ್ಯಾಟರಿ, ಬ್ಯಾಟರಿಯ ಪಕ್ಕದಲ್ಲಿ ಉಗುಳುಡಬ್ಬ.

ಆ ಡಬ್ಬದ ವಿಷಯ ಬರೆಯುವಾಗ ಈಗಲೂ ವಾಕರಿಕೆ ಬರುತ್ತದೆ. ಮಾವ ದಿನವಿಡೀ ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ಮೆಲ್ಲುವವರು. ಆದರೆ ನೆಲಕ್ಕೆ ಮಾತ್ರ ಉಗುಳರು. "ಅನ್ನ ಕೊಡೋ ಭೂಮ್ತಾಯಿ ಮಕುಕ್ಕೆ ಉಗಿಯಾದಾ? ನನ್ ಕೈಲಾಗಾಕಿಲ್ಲ ಕಣವ್ವ" ಎಂದು ಕೈ ಬೇರೆ ಮುಗಿಯುತ್ತಿದ್ದರು. ಭೂಮಿತಾಯಿಗೆ ಆ ಮರ್ಯಾದೆ, ಸೊಸೆಯ ಜೀಪಿಗೆ ಈ ಡಬ್ಬ! ಹಾಲಿನಪುಡಿಯ ತಗಡಿನ ಡಬ್ಬ ಅದು; ಮುಚ್ಚಳ ಯಾವತ್ತೋ ಕಳೆದುಹೋಗಿತ್ತು. ಉಗುಳಿ, ಕಾಲಿನಿಂದ ಸೀಟಿನಡಿಗೆ ತಳ್ಳುತ್ತಿದ್ದರು. ರಸ್ತೆಯಲ್ಲಿ ಗುಂಡಿ ಬಂದಾಗೆಲ್ಲ ಅದು ತುಳುಕಿ ಬ್ಯಾಟರಿಯ ಮೇಲೆ ಹರಿಯುತ್ತಿತ್ತು. ಟರ್ಮಿನಲ್ಲುಗಳಿಗೆ ಹಸಿರು ಕಿಲುಬು ಕಟ್ಟಿ, ಅದರ ಮೇಲೆ ಕೆಂಪು ರಸ ಒಣಗಿ ಹೆಪ್ಪುಗಟ್ಟಿತ್ತು. ತೊಳೆಯಲು ಹೋದರೆ, "ಬುಡವ್ವ, ಅದ್ರ ಪಾಡಿಗೆ ಅದದೆ" ಎಂದು ಮೇಲೆ ಕೂತುಬಿಡುತ್ತಿದ್ದರು.

ಅಂಥ ಬ್ಯಾಟರಿ ಎಷ್ಟು ದಿನ ನಡೆದೀತು? ವಾರಕ್ಕೊಮ್ಮೆಯಾದರೂ ಸೆಲ್ಫ್ ತೆಗೆದುಕೊಳ್ಳದೆ ಟಿಕ್ ಎಂದು ಸುಮ್ಮನಾಗುತ್ತಿತ್ತು. ಆಗ ಯಾರಾದರೂ ಪುಣ್ಯಾತ್ಮರು ತಮ್ಮ ಗಾಡಿ ಪಕ್ಕಕ್ಕೆ ತಂದು, ಕೇಬಲ್ ಹಾಕಿ ಕರೆಂಟ್ ಕೊಡಬೇಕು. ಅದಕ್ಕೆ ಮೊದಲು ಮಾವ ಏಳಬೇಕು. ಕಂಬಳಿ, ಕೊಡೆ, ಎಲೆಅಡಿಕೆ ಚೀಲ ಎಲ್ಲ ಇಳಿಯಬೇಕು. ಆಮೇಲೆ ಸೀಟು ಎತ್ತಬೇಕು.

ಒಂದು ಸಂತೆಯ ದಿನ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾದ ಜನರೆಲ್ಲ ನೋಡುತ್ತಿರುವಾಗ ಹಾಗೆ ಸೀಟು ಎತ್ತಿದೆ. ಹಿಂದಿನ ಸಂತೆಯಲ್ಲಿ ತಂದು ಮರೆತ ಒಣಮೀನಿನ ಪೊಟ್ಟಣ ಅಲ್ಲಿತ್ತು. ಪೊಟ್ಟಣವನ್ನು ಕೊರೆದು ಅದರೊಳಗೇ ಇಲಿ ಮರಿ ಹಾಕಿತ್ತು. ಕೇಬಲ್ ಹಿಡಿದು ಬಂದ ಬೇರೊಂದು ಜೀಪಿನ ಡ್ರೈವರು ಟವೆಲಿನಿಂದ ಮೂಗು ಮುಚ್ಚಿಕೊಂಡ.

"ಅಕ್ಕಾ, ಇದೇನು ಬ್ಯಾಟ್ರಿನಾ, ತಿಪ್ಪೆನಾ?"

ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು: "ತಿಪ್ಪೆ ಆದ್ರೇನ್ಲಾ? ತಿಪ್ಪೆ ಇಲ್ದೆ ಬೆಳೆ ಬಂದದಾ? ಆಕು ಕಣ್ಲಾ ಕೇಬಲ್ಲ."

ಜನ ಗೊಳ್ಳೆಂದು ನಕ್ಕರು. ಮಾವ ಉಗುಳದೆ ಕಾಪಾಡಿದ್ದ ಆ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಅವರಿಗೆ ನಾಚಿಕೆಯಿಲ್ಲದಿರುವುದು ಹಾಗಿರಲಿ, ಗಾಡಿ ಕೆಟ್ಟರೆ ಖುಷಿಯಾಗುತ್ತಿತ್ತು! ಕರೆಂಟ್ ಕೊಡಲು ಬಂದವನನ್ನು ಹಿಡಿದು "ಯಾವೂರ್ಲಾ? ಯಾರ ಮಗ?" ಎಂದು ಶುರುಮಾಡುತ್ತಿದ್ದರು. ನೆಂಟಸ್ತಿಕೆ ಸಿಗುವ ತನಕ ಬಿಡುತ್ತಿರಲಿಲ್ಲ. ಒಮ್ಮೆ ಪಿರಿಯಾಪಟ್ಟಣದವನೊಬ್ಬ ಅವರ ಅತ್ತಿಗೆಯ ತವರಿನವನೆಂದು ಗೊತ್ತಾಗಿ, ಅವನ ಇಂಜಿನ್ ಆಫ್ ಮಾಡಿಸಿ, ಮರದಡಿ ಕೂರಿಸಿ ಎಲೆಅಡಿಕೆ ಕೊಟ್ಟರು. ನಾನು ಆ ಸೀಟಿನಡಿಯ ನಾತ ಕುಡಿಯುತ್ತ ಕಾದೆ. ಮಾತು ಮುಗಿದ ಮೇಲೆ ಕಡ್ಡಿಯಿಂದ ಹಲ್ಲು ಕೆದಕುತ್ತ ಬಂದು, "ಒಳ್ಳೆ ಮನ್ಸ ಕಣವ್ವ, ಗಾಡಿ ಕೆಟ್ಟಿದ್ದೂ ಒಳ್ಳೇದೇ ಆಯ್ತು" ಎಂದರು.

ಹುಣಸೂರಿನಲ್ಲಿ ಗಾಡಿಗಳ ವೈರಿಂಗ್ ಮಾಡುವವನಿಗೆ ನನ್ನ ಗೋಳು ಹೇಳಿಕೊಂಡೆ. ಬ್ಯಾಟರಿ ಅಲ್ಲೇ ಇರಲಿ, ಅದರಿಂದ ದಪ್ಪ ಕೇಬಲ್ ಎಳೆದು ಮುಂದಿನ ಮಡ್‌ಗಾರ್ಡಿನ ಮೇಲೆ ಎರಡು ಹಿತ್ತಾಳೆ ಬೋಲ್ಟು ಕೊಡುತ್ತೇನೆ, ಪ್ಲಸ್ಸಿಗೆ ಕೆಂಪು ಟೋಪಿ, ಮೈನಸ್ಸಿಗೆ ಕಪ್ಪು ಟೋಪಿ, ಯಾರು ಬಂದರೂ ಹೊರಗಿನಿಂದಲೇ ಕರೆಂಟ್ ಕೊಡಬಹುದು ಎಂದ. ನನಗೆ ಸ್ವರ್ಗ ಸಿಕ್ಕಂತಾಯಿತು. ಮಾವ ಒಪ್ಪಲಿಲ್ಲ.

"ಬ್ಯಾಟ್ರಿ ಅಂದ್ರೆ ಗಾಡಿಗೆ ಒಟ್ಟೆ ಇದ್ದಂಗೆ ಕಣವ್ವ. ಒಟ್ಟೆ ತೋರುಸ್ಕಂಡು ಯಾರಾದ್ರೂ ಬೀದಿ ತಿರುಗ್ತಾರಾ?"

ಹೀಗೆ ಹೇಳುವಾಗ ಅವರ ಅಂಗಿಗೆ ಒಂದೇ ಗುಂಡಿ ಇತ್ತು, ಹೊಟ್ಟೆ ಪೂರ್ತಿ ಹೊರಗಿತ್ತು.

ಅವರು ಹೊಸ ಅಗ್ರಹಾರದ ಕಡೆ ನೆಂಟರ ಮದುವೆಗೆ ಹೋದಾಗ ನಾನು ಕೆಲಸ ಮುಗಿಸಿಬಿಟ್ಟೆ. ವಾಪಸು ಬಂದು ಜೀಪಿನ ಸುತ್ತ ಒಂದು ಸುತ್ತು ಹಾಕಿದರು. ಕೆಂಪು ಟೋಪಿಯನ್ನು ಎತ್ತಿ ನೋಡಿ ಮುಚ್ಚಿದರು.

"ಅಂಗಾರೆ ಇನ್ಮ್ಯಾಕೆ ನನ್ನ ಏಳು ಅನ್ನಾಂಗಿಲ್ಲ."

"ಇಲ್ಲ ಮಾವ, ನೀವು ಆರಾಮಾಗಿ ಕೂತಿರಿ."

ಅಂದಿನಿಂದ ಕರೆಂಟ್ ಕೊಡುವುದು ಒಂದು ನಿಮಿಷದ ಕೆಲಸವಾಯಿತು. ಕೊಟ್ಟವರು ಕ್ಲಿಪ್ಪು ಕಿತ್ತುಕೊಂಡು ಹೊರಡುತ್ತಿದ್ದರು. ಒಳಗೆ ಕೂತ ಮಾವ "ಏಯ್, ಯಾವೂರ್ಲಾ?" ಎನ್ನುವಷ್ಟರಲ್ಲಿ ಅವರು ಹೋಗಿರುತ್ತಿದ್ದರು. ಮಾವನ ಮುಖ ಸಪ್ಪಗಾಗುತ್ತಿತ್ತು. ನನಗೆ ಅಯ್ಯೋ ಅನ್ನಿಸಲಿಲ್ಲ. ಸಿಟ್ಟಿಗೆ ಇನ್ನಷ್ಟು ಹೊಗೆಸೊಪ್ಪು ಜಗಿದು ಡಬ್ಬ ತುಂಬಿಸುತ್ತಿದ್ದರು, ಅದನ್ನು ನೋಡಿ ನನಗೆ ಊಟ ಸೇರುತ್ತಿರಲಿಲ್ಲ.

ಹೋದ ವರ್ಷ ಹೊಗೆಸೊಪ್ಪು ಮುರಿಯುವ ಕಾಲಕ್ಕೆ ಆಳುಗಳನ್ನು ಕರೆತರಲು ಕೋಟೆ ತಾಲ್ಲೂಕಿನ ಕಡೆ ಕಾಡಂಚಿನ ಗಿರಿಜನರ ಹಾಡಿಗೆ ಹೋಗಿದ್ದೆವು. ಹಾಡಿಯ ದಾರಿಯ ತಗ್ಗಿನಲ್ಲಿ ಜೀಪು ನಿಲ್ಲಿಸಿ, ಆಳುಗಳು ಬರುವುದನ್ನೇ ಕಾಯುತ್ತಿದ್ದೆವು. ಮಾವ ಇದ್ದಕ್ಕಿದ್ದಂತೆ ನನ್ನ ಕಡೆಗೆ ವಾಲಿದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಎಡಗೈ ಜೋತುಬಿದ್ದಿತ್ತು. ಲಕ್ವ ಎಂದು ನನಗೂ ಗೊತ್ತಾಯಿತು. ಬಾಯೊಳಗಿದ್ದ ಎಲೆಅಡಿಕೆ ರಸ ನನ್ನ ಕೈಮೇಲೆ, ಸೀರೆಯ ಮೇಲೆ ಬೆಚ್ಚಗೆ ಇಳಿಯಿತು. ಹೇಸಿಗೆಯಾಯಿತು. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿನಲ್ಲೂ ಮೈಯೆಲ್ಲ ಮುಳ್ಳೆದ್ದಿತು. ಹಾಗೆಂದು ಕೈ ಬಿಡಲಾಗುತ್ತದೆಯೇ? ಒಂದು ಕೈಯಲ್ಲಿ ಅವರನ್ನು ಒರಗಿಸಿ ಹಿಡಿದು, ಇನ್ನೊಂದರಲ್ಲಿ ಕೀಲಿ ತಿರುವಿದೆ. ಟಿಕ್ ಎಂದಿತು.

ಮುಂದೆ ಏರು, ಚಕ್ರದಡಿ ಕೆಸರು. ತಳ್ಳಿ ಸ್ಟಾರ್ಟ್ ಮಾಡುವ ಮಾತೇ ಇಲ್ಲ. ನಾನು ಕೂಗಿಕೊಂಡದ್ದು ಕೇಳಿ, ಪಕ್ಕದ ಹೊಲದಿಂದ ಶುಂಠಿ ತುಂಬಿಕೊಂಡು ಬರುತ್ತಿದ್ದ ಪಿಕಪ್ ನಿಂತಿತು. ಓಡಿಸುತ್ತಿದ್ದವನು ಕೇರಳದ ಕಡೆಯವನು. ಮಾವನನ್ನು ನೋಡಿದವನೇ ಕೇಬಲ್ ತೆಗೆದುಕೊಂಡು ಓಡಿಬಂದ.

"ಚೇಚಿ, ಅಕ್ಕಾ, ಬ್ಯಾಟರಿ ಎಲ್ಲಿ?"

"ಇವರ ಕೆಳಗೆ."

"ಅಯ್ಯೋ, ಅಪ್ಪನ್ನ ಎತ್ತಬೇಕಾ?"

"ಬೇಡಪ್ಪ, ಹೊರಗೇ ಇದೆ. ಮಡ್‌ಗಾರ್ಡ್ ನೋಡು, ಕೆಂಪು ಟೋಪಿ."

ಅವನು ಕ್ಲಿಪ್ಪು ಹಾಕಿದ. ಇಂಜಿನ್ ಗುಡುಗಿತು. ಮಾವನ ಮೈ ಸೀಟಿನ ಜೊತೆ ಅದುರಿತು. ಅವರು ಕಣ್ಣು ಬಿಟ್ಟು, ಉಳಿದಿದ್ದ ಅರ್ಧ ಬಾಯಿಯಲ್ಲಿ ಏನೋ ಹೇಳಿದರು. ಕಿವಿಗೊಟ್ಟೆ.

"ಯಾವೂರು... ಕೇಳವ್ವ."

ಕೇಳುವ ಪುರುಸೊತ್ತು ಎಲ್ಲಿತ್ತು? ಅವನು ಕೇಬಲ್ ಕಿತ್ತ, ನಾನು ಏರು ಹತ್ತಿಸಿದೆ. ಕೋಟೆಯ ಆಸ್ಪತ್ರೆ, ಅಲ್ಲಿಂದ ಮೈಸೂರು. ಕೆಲವು ದಿನ ಉಸಿರಾಡಿದರು, ಮಾತಾಡಲಿಲ್ಲ. ಅವರ ಕೊನೆಯ ಮಾತು ಅದೇ ಆಯಿತು. ಆ ಪಿಕಪ್ಪಿನವನ ಊರು ಯಾವುದೋ ಇವತ್ತಿಗೂ ಗೊತ್ತಿಲ್ಲ.

ಮಣ್ಣು ಮಾಡಿ ಬಂದ ಮಾರನೆಯ ದಿನ ಜೀಪಿನ ಸೀಟು ಎತ್ತಿ, ಬಿಸಿನೀರು ಸುರಿದು ಬ್ಯಾಟರಿ ತೊಳೆದೆ. ಕಿಲುಬು ಉಜ್ಜಿದೆ. ಡಬ್ಬವನ್ನು ಕೋಲಿನ ತುದಿಗೆ ಸಿಕ್ಕಿಸಿ ತಿಪ್ಪೆಗೆ ಎಸೆದೆ. ಜೀಪು ಮೊದಲ ಸಲ ಸ್ವಚ್ಛವಾಯಿತು, ನನಗೂ ಹಾಯೆನಿಸಿತು.

ಹನ್ನೊಂದರ ದಿನ ಮಾವನಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಟ್ಟರು. ಮುದ್ದೆ, ಒಣಮೀನಿನ ಸಾರು, ಎಲೆಅಡಿಕೆ. ಎಡೆಯ ಕೊನೆಯಲ್ಲಿ ನನ್ನ ಗಂಡ ತಮ್ಮ ಬ್ಯಾರನ್ನಿನಲ್ಲೇ ಹದವಾದ ಒಂದೆಳೆ ಹೊಗೆಸೊಪ್ಪು ಇಟ್ಟು ಕಣ್ಣೊರೆಸಿಕೊಂಡರು. ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು, ಹೋದವರು ಬಂದು ಉಣ್ಣುತ್ತಾರೆ ಎನ್ನುವುದು ನಮ್ಮಲ್ಲಿಯ ನಂಬಿಕೆ. ನಾನು ಬಾಗಿಲಲ್ಲೇ ನಿಂತೆ. ಆಮೇಲೆ ಹಿತ್ತಲಿಗೆ ಹೋಗಿ, ತಿಪ್ಪೆಯಿಂದ ಆ ಡಬ್ಬ ಹೆಕ್ಕಿ, ಬೂದಿ ಹಾಕಿ ತಿಕ್ಕಿದೆ. ಎಷ್ಟು ತಿಕ್ಕಿದರೂ ನಾತ ಹೋಗಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡೇ ತಂದು ಎಲೆಅಡಿಕೆಯ ಪಕ್ಕ ಇಟ್ಟೆ.

"ಥೂ, ಇದೇನವ್ವ ಎಡೆ ತಾವ?" ಎಂದರು ನಮ್ಮ ಚಿಕ್ಕತ್ತೆ.

"ಇರಲಿ ಬಿಡಿ ಅತ್ತೆ. ಅವರು ನೆಲಕ್ಕೆ ಉಗುಳಲ್ಲ" ಎಂದು ಬಾಗಿಲು ಎಳೆದುಕೊಂಡೆ.